ಎಡಗಣ್ಣಿನ ಮೇಲಿನ ರೆಪ್ಪೆ

ನನ್ನ ಎಡಗಣ್ಣಿಗೆ ಔಷಧ ಸಿಡಿದ ದಿನವನ್ನು ಇವತ್ತಿಗೂ ಒಂದು ಚೂರೂ ತಪ್ಪದೆ ಹೇಳಬಲ್ಲೆ. ದ್ರಾಕ್ಷಿ ಬಾಗಿನಲ್ಲಿ ಮೈದುನ ಮಿಲಿಂದ ಬಳ್ಳಿಗಳಿಗೆ ಮೋರಚೂದ ಹೊಡೆಯುತ್ತಿದ್ದ. ಮೈಲುತುತ್ತಕ್ಕೆ ನಮ್ಮ ಕಡೆಯ ಹೆಸರು ಅದು. ನಾನು ಚಹಾದ ಕಿಟ್ಲಿ ಹಿಡಿದು ಸಾಲಿನ ತುದಿಗೆ ಬಂದೆ. ಗಾಳಿ ತಿರುಗಿತು. ತಣ್ಣನೆಯ ಹನಿ ಕಣ್ಣಿಗೆ ಬಿತ್ತು, ಸೆರಗಿನ ಮೇಲೆ ನೀಲಿ ಚುಕ್ಕೆಗಳು ಮೂಡಿದವು. ಮಿಲಿಂದ ಪಂಪು ಬಂದ್ ಮಾಡಿ ಓಡಿಬಂದು ಟಾಕಿಯ ನೀರನ್ನು ಬೊಗಸೆಯಲ್ಲಿ ತುಂಬಿ ನನ್ನ ಮುಖಕ್ಕೆ ಎರಚಿದ. ದೀಪಾವಳಿ ಮುಗಿದ ಮರುವಾರದ ಬುಧವಾರ.

ಈ ಕಥೆಯನ್ನು ಮನೆಯಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಇಬ್ಬರು ಡಾಕ್ಟರರ ಮುಂದೆ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಅದು ಇನ್ನಷ್ಟು ಸ್ಪಷ್ಟವಾಗುತ್ತ ಹೋಯಿತು. ಅಂಥದೊಂದು ಬುಧವಾರ ಇರಲೇ ಇಲ್ಲ ಎಂದು ತಿಳಿಯುವಷ್ಟರಲ್ಲಿ ನನ್ನ ಮೇಲಿನ ರೆಪ್ಪೆ ಹೋಗಿತ್ತು, ಕಣ್ಣು ಹೋಗುವುದರಲ್ಲಿತ್ತು.

ನಾನು ಕಾಗವಾಡದ ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಮನೆ ಉಗಾರ ಬುದ್ರುಕದಲ್ಲಿ. ಕಣ್ಣಾರೆ ಕಂಡೆ ಅನ್ನುವವರ ಮಾತನ್ನು ಬರೆದಿಟ್ಟ ಕಾಗದದ ಜೊತೆ ಹೋಲಿಸದೆ ನಂಬಬೇಡಿ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುವವಳು. ಎಂ.ಎ. ಓದುವಾಗಿನಿಂದ ದಿನಚರಿ ಬರೆಯುತ್ತೇನೆ, ನನ್ನ ನೆನಪನ್ನು ನಾನೇ ನಂಬುವುದಿಲ್ಲವೆಂದು. ಆದರೆ ನನ್ನ ಕಣ್ಣಿನ ವಿಷಯದಲ್ಲಿ ಆ ವಹಿಯ ಹಿಂದಿನ ಪುಟ ತೆರೆಯಬೇಕೆಂದು ಹನ್ನೊಂದು ತಿಂಗಳು ನನಗೆ ಅನ್ನಿಸಲೇ ಇಲ್ಲ. ಯಾಕೆ ಅನ್ನಿಸಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಎರಡು ಮೂರು ಉತ್ತರಗಳಿವೆ. ಯಾವುದೂ ಪೂರ್ತಿ ನಿಜ ಅನ್ನಿಸುವುದಿಲ್ಲ.

ಧೈರ್ಯ ಹೇಳಲು ಇದನ್ನು ಬರೆಯುತ್ತಿಲ್ಲ. ಹಂಚುವಷ್ಟು ಧೈರ್ಯ ನನ್ನಲ್ಲಿ ಉಳಿದಿಲ್ಲ. ರೆಪ್ಪೆಯ ಅದೇ ಜಾಗದಲ್ಲಿ ಮತ್ತೆ ಮತ್ತೆ ಗಂಟು ಏಳುವ ಯಾರೋ ಒಬ್ಬರು ಕನ್ನಡಿಯ ಮುಂದೆ ನಿಂತಿರಬಹುದು. ಅವರಿಗೆ, ಹೀಗೆ ಇನ್ನೊಬ್ಬಳೂ ನಿಂತಿದ್ದಳು ಎಂದಾದರೂ ಗೊತ್ತಿರಲಿ.

ಗಂಟು ಮೊದಲು ಜೋಳದ ಕಾಳಿನಷ್ಟಿತ್ತು. ನೋವಿರಲಿಲ್ಲ. ಅತ್ತೆ ಅದಕ್ಕೆ ‘ರಾಂಜಣವಾಡಿ’ ಅಂದರು. ರೆಪ್ಪೆಯ ಮೇಲೆ ಏಳುವ ಕುರುವಿಗೆ ಗಡಿಭಾಗದ ನಾವೆಲ್ಲ ಆ ಮರಾಠಿ ಹೆಸರನ್ನೇ ಅನ್ನುತ್ತೇವೆ. ಖಾರೀಕಿನ, ಅಂದರೆ ಉತ್ತತ್ತಿಯ, ಬೀಜ ತೇದು ಹಚ್ಚಿದರು. ಇಳಿಯಲಿಲ್ಲ. ದೀಪಾವಳಿ ಕಳೆದ ಮೇಲೆ ರೆಪ್ಪೆ ದಪ್ಪಗಾಗಿ, ಕಣ್ಣು ಕೆಂಪಾಗಿ ಎದುರಿಗೆ ಬಂದವರೆಲ್ಲ ಕೇಳತೊಡಗಿದರು.

ಒಂದು ದಿನ ನೆರೆಮನೆಯ ಕಮಲಕ್ಕ ಕಟ್ಟೆಯ ಮೇಲೆ ಕೂತು ನನ್ನ ಗದ್ದ ಹಿಡಿದು ತಿರುಗಿಸಿ ನೋಡಿದಳು.

“ಇದು ರಾಂಜಣವಾಡಿ ಅಲ್ಲ ಬೇ. ಯಾರೋ ಕಣ್ಣ ಹಚ್ಯಾರ ನಿನಗ. ನೌಕರಿ ಐತಿ, ಬಾಗ ಐತಿ, ಮ್ಯಾಲ ಈ ವರ್ಷ ಮನಿಗೆ ಬಣ್ಣಾನೂ ಹಚ್ಚಸೀರಿ. ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕ.”

ನಮ್ಮದು ಬೌದ್ಧರ ಮನೆ. ತೀರಿಹೋದ ಮಾವನವರು ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿಯ ಸರವನ್ನು ತಮ್ಮ ಕೈಯಾರೆ ಹರಿದು ಹಾಕಿದವರು. ಏನೇ ಆದರೂ ಕಾರಣ ಹುಡುಕ್ರಿ, ಕಾರಣ ಇಲ್ಲದೆ ಎಲೀನೂ ಉದುರೂದಿಲ್ಲ ಎನ್ನುತ್ತಿದ್ದರು. ಅವರ ಮನೆಯ ಓದಿದ ಸೊಸೆ ನಾನು. ಕಮಲಕ್ಕನಿಗೆ ಉತ್ತರ ಕೊಡಲೇಬೇಕಿತ್ತು.

“ಕಣ್ಣ ಹಚ್ಚಿದ್ದಲ್ಲ ಕಮಲಕ್ಕಾ. ಮಿಲಿಂದ ಮೋರಚೂದ ಹೊಡಿಯುವಾಗ ಸಿಡದೈತಿ.”

ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಆ ಸೀಜನ್ನಿನಲ್ಲಿ ಬಾಗು ಇದ್ದವರ ಮನೆಯಲ್ಲಿ ಯಾರದಾದರೂ ಕಣ್ಣಿಗೆ ಔಷಧ ಸಿಡಿದೇ ಇರುತ್ತದೆ. ನನಗೂ ಹಿಂದೆ ಯಾವಾಗಲೋ ಸಿಡಿದಿರಬಹುದು. ಕಮಲಕ್ಕ “ಹಂಗಂದ್ರ ಸರಿ ಬಿಡ” ಎಂದು ಎದ್ದು ಹೋದಳು. ಅಲ್ಲೇ ಪೈಪು ಸುತ್ತುತ್ತಿದ್ದ ಮಿಲಿಂದ ತಲೆ ತಗ್ಗಿಸಿ ಒಳಗೆ ನಡೆದ. ಪಾಪ, ನಾಚಿಕೊಂಡ ಅಂದುಕೊಂಡೆ.

ಚಿಕ್ಕೋಡಿಗೆ ಮಿಲಿಂದನೇ ಕರೆದೊಯ್ದ. ಅಲ್ಲಿಯ ಕಣ್ಣಿನ ಡಾಕ್ಟರರ ಮುಂದೆ ಇದೇ ಕಥೆಯನ್ನು ಬುಧವಾರದ ಸಮೇತ ಹೇಳಿದೆ. ಚಹಾದ ಕಿಟ್ಲಿ ಬಹುಶಃ ಅಲ್ಲೇ ಸೇರಿಕೊಂಡಿತು.

“ಬಾಗ ಐತೇನ್ರಿ ನಿಮ್ದು?” ಅಂದರು ಅವರು.

“ಐತ್ರಿ.”

“ಮತ್ತ! ದೀಪಾವಳಿ ಆದ ಮ್ಯಾಲ ನನಗ ಇದ ಕೆಲಸ ನೋಡ್ರಿ. ಅಥಣಿ ಕಡೆಯವ್ರು ಬರ್ತಾರ, ಕಾಗವಾಡದವ್ರು ಬರ್ತಾರ, ಎಲ್ಲಾರೂ ಕೆಂಪ ಕಣ್ಣ ತಗೊಂಡು. ಹೊಡಿಯುವಾಗ ಕನ್ನಡಕ ಹಾಕ್ಕೋ ಅಂದ್ರ ಯಾರೂ ಕೇಳಂಗಿಲ್ಲ.”

ಹನಿ ಬರೆದುಕೊಟ್ಟರು. ಬಿಸಿನೀರಿನ ಬಟ್ಟೆಯಿಂದ ಶೇಕ ಕೊಡಲು ಹೇಳಿದರು. ಅವರು ಕೆಟ್ಟ ಡಾಕ್ಟರರಾಗಿರಲಿಲ್ಲ. ನಾನು ಕೊಟ್ಟ ಕಾರಣ ಅವರಿಗೆ ದಿನಾ ಕಾಣುವ ಕಾರಣವಾಗಿತ್ತು, ಅಷ್ಟೆ. ಸಂಕ್ರಾಂತಿಯ ಹೊತ್ತಿಗೆ ರೆಪ್ಪೆಯನ್ನು ಮಗುಚಿ ಗಂಟನ್ನು ಕೆರೆದು ತೆಗೆದರು. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು. ಬೇಸಿಗೆಯಲ್ಲಿ ಇನ್ನೊಮ್ಮೆ ಕೆರೆದರು. ಕೆರೆದದ್ದನ್ನು ಪರೀಕ್ಷೆಗೆ ಕಳಿಸಬೇಕೇ ಎಂದು ನಾನು ಕೇಳಿದೆ ಎಂಬ ನೆನಪಿದೆ. ಈಗ ಈ ನೆನಪನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ. ನನ್ನನ್ನು ಜಾಣೆಯನ್ನಾಗಿ ಮಾಡುವ ನೆನಪುಗಳ ಮೇಲೆ ನನಗೆ ಹೆಚ್ಚು ಅನುಮಾನ.

ಮಳೆಗಾಲ ಶುರುವಾಗುವಾಗ ಆ ಜಾಗದ ಕೂದಲುಗಳು ಉದುರಿದವು. ಹಲ್ಲು ಮುರಿದ ಬಾಚಣಿಗೆಯ ಹಾಗೆ ರೆಪ್ಪೆಯ ಅಂಚಿನಲ್ಲಿ ಒಂದು ಖಾಲಿ ಜಾಗ, ಅದರ ಕೆಳಗೆ ಹಳದಿ ಬಣ್ಣದ ದಪ್ಪ. ಅದನ್ನು ನೋಡಿ ಮೊದಲು ಹೆದರಿದವನು ಮಿಲಿಂದ.

“ವೈನಿ, ಮಿರಜಕ್ಕ ಹೋಗೂಣು. ನಾಳೇನ ಹೋಗೂಣು,” ಅಂದ. ಅಣ್ಣನ ಹೆಂಡತಿಗೆ ನಮ್ಮಲ್ಲಿ ವೈನಿ ಅನ್ನುವುದು ರೂಢಿ.

ನನ್ನ ಗಂಡ ಆನಂದ ರಾಯಬಾಗ ತಾಲೂಕಿನ ಶಾಲೆಯೊಂದರಲ್ಲಿ ಮಾಸ್ತರರು. ಅವರಿಗೆ ರಜೆ ಸಿಗಲಿಲ್ಲ. ನಾನೂ ಮಿಲಿಂದನೂ ಉಗಾರ ಸ್ಟೇಶನ್ನಿನಿಂದ ರೈಲು ಹತ್ತಿದೆವು.

ಮಿರಜದ ದೊಡ್ಡ ದವಾಖಾನೆಯ ಕಣ್ಣಿನ ವಿಭಾಗದಲ್ಲಿ ಬೆಂಚುಗಳು ಗೋಡೆಯುದ್ದಕ್ಕೂ ಇದ್ದವು. ಹೆಸರು ಕರೆಯುವವಳು ಮರಾಠಿಯಲ್ಲಿ ಕರೆಯುತ್ತಿದ್ದಳು, ಎದ್ದು ಹೋಗುವವರು ಕನ್ನಡದಲ್ಲಿ ಬಂದೆವ್ರಿ ಅನ್ನುತ್ತಿದ್ದರು. ಪಕ್ಕದಲ್ಲಿ ಹಸಿರು ಬಟ್ಟೆಯಿಂದ ಒಂದು ಕಣ್ಣು ಮುಚ್ಚಿಕೊಂಡ ಅಥಣಿ ಕಡೆಯ ಅಜ್ಜ ಕೂತಿದ್ದ.

“ಮೋತಿಬಿಂದೂ ಏನವಾ? ಇಷ್ಟ ಸಣ್ಣ ವಯಸ್ಸಿಗೆ ಪೊರಿ ಬಂತೇನ?”

“ಅಲ್ರಿ ಅಜ್ಜಾರ. ರೆಪ್ಪಿ ಮ್ಯಾಲ ಗಂಟು.”

“ರೆಪ್ಪಿ ಅಷ್ಟ? ಏ, ಅದಕ್ಯಾಕ ಮಾರಿ ಸಣ್ಣ ಮಾಡ್ಕೊಂಡಿ? ಪಡದೆ ಹರದೈತಿ, ಮನಿ ಗಟ್ಟಿ ಐತಿ. ನನ್ನ ನೋಡ, ಪಡದೆ ಛಲೋ ಐತಿ, ಒಳಗ ದೀಪಾನ ಹೋಗ್ಯಾವ!”

ತನ್ನ ಮಾತಿಗೆ ತಾನೇ ನಕ್ಕ. ನಾನೂ ನಕ್ಕೆ. ಆ ದಿನ ನಕ್ಕಿದ್ದು ದಿನಚರಿಯಲ್ಲಿದೆ, ಹಾಗಾಗಿ ಅದು ನಿಜ.

ಒಳಗಿದ್ದ ಡಾಕ್ಟರಬಾಯಿ ನನ್ನ ಕಥೆಯನ್ನು ಪೂರ್ತಿ ಕೇಳಲಿಲ್ಲ. “ಕೆಳಗ ನೋಡ್ರಿ” ಎಂದು ರೆಪ್ಪೆಯನ್ನು ಮಗುಚಿದರು. ದೀಪವನ್ನು ಹತ್ತಿರ ಎಳೆದು ಇನ್ನೊಮ್ಮೆ ನೋಡಿದರು.

“ಎಷ್ಟ ಸಲ ಕೆರಸೀರಿ?”

“ಎರಡ ಸಲ.”

“ತಪಾಸಣಿಗೆ ಕಳಿಸಿದ್ರೇನು?”

“ಇಲ್ರಿ.”

ಅವರು ಚೂರು ತೆಗೆದು ಕಳಿಸಿದರು. ವರದಿಗೆ ಎಂಟು ದಿನ ಬೇಕಾಯಿತು. ಆ ಎಂಟು ದಿನ ನಾನು ಪಾಠ ಮಾಡಿದೆ, ಹಾಜರಿ ಕರೆದೆ, ಮನೆಯಲ್ಲಿ ರೊಟ್ಟಿ ಬಡಿದೆ. ಒಂದೂ ನೆನಪಿಲ್ಲ. ದಿನಚರಿಯಲ್ಲಿ ಎಂಟೂ ದಿನ ಒಂದೇ ಸಾಲು: ಇವತ್ತೂ ಬರಲಿಲ್ಲ.

ಬಂದಾಗ ಆನಂದರೂ ಜೊತೆಗಿದ್ದರು. ಡಾಕ್ಟರಬಾಯಿ ಕೇಸ್ ಪೇಪರಿನ ಹಿಂಬದಿಗೆ ಒಂದು ಚಿತ್ರ ಬರೆದರು. ಹೊರಗೆ ಚರ್ಮ, ಇಡೀ ಮೈಯಲ್ಲೇ ಅತಿ ತೆಳುವಾದದ್ದು. ಅದರಡಿ ಕಣ್ಣು ಮುಚ್ಚುವ ಸ್ನಾಯು. ಅದರ ಹಿಂದೆ ರೆಪ್ಪೆ ಮಡಚಿಕೊಳ್ಳದಂತೆ ಹಿಡಿಯುವ ಒಂದು ಗಟ್ಟಿ ಹಲಗೆ. ಹಲಗೆಯೊಳಗೆ ಮೇಲಿಂದ ಕೆಳಗೆ ಸಾಲು ಹಿಡಿದ ಎಣ್ಣೆಯ ಗ್ರಂಥಿಗಳು, ಕಣ್ಣೀರು ಆರದಿರಲೆಂದು ಒಂದಿಷ್ಟೇ ಜಿಡ್ಡು ಬಿಡುವಂಥವು. ಎಲ್ಲಕ್ಕೂ ಹಿಂದೆ, ಗುಡ್ಡೆಗೆ ತಾಗುವ ಹಸಿ ಪೊರೆ. ಕಾಯಿಲೆ ಆ ಎಣ್ಣೆಯ ಗ್ರಂಥಿಯೊಂದರಲ್ಲಿ ಹುಟ್ಟಿತ್ತು. ಕ್ಯಾನ್ಸರ್.

ಚಿತ್ರವನ್ನು ಬಗ್ಗಿ ನೋಡಿದ ಮಿಲಿಂದ ಮೆಲ್ಲಗೆ, “ನಮ್ಮ ಬಾಗಿನ ಸಾಲ ಇದ್ದಂಗ ಅದಾವಲ್ರಿ,” ಅಂದ. ಆನಂದ, ಶಾಲೆಯ ತಪಾಸಣೆ ಸೋಮವಾರವಿದೆ, ಅದಾದ ಮೇಲೆ ಆಪರೇಷನ್ ಇಟ್ಟುಕೊಂಡರೆ ನಡೆಯುತ್ತದೆಯೇ ಎಂದು ಕೇಳಿದರು. ನನಗೆ ಸಿಟ್ಟು ಬಂತು. ಆಮೇಲೆ ಅವರ ಕೈಯನ್ನು ನೋಡಿದೆ. ಟೋಕನ್ ಚೀಟಿಯನ್ನು ಮಡಚಿ ಮಡಚಿ ಕಡಲೆಯಷ್ಟು ಸಣ್ಣದು ಮಾಡಿದ್ದರು.

ಮನೆಯಲ್ಲಿ ಅತ್ತೆ ನನ್ನ ಮುಖವನ್ನೇ ನೋಡುತ್ತ ಕೂತರು.

“ರೆಪ್ಪಿಗೂ ಬರತೈತೇನ ಅದು? ಬೀಡಿ ಎಲೀಕಿಂತ ತೆಳ್ಳಗ ಇರತೈತಿ ರೆಪ್ಪಿ. ಕುಂದ್ರಾಕರ ಎಲ್ಲಿ ಜಾಗಾ ಸಿಕ್ಕಿತು ಅದಕ್ಕ?”

ಆಪರೇಷನ್ನಿನಲ್ಲಿ ಮೇಲಿನ ರೆಪ್ಪೆಯನ್ನು ಬಹುತೇಕ ತೆಗೆದರು. ಮುಚ್ಚಲು ರೆಪ್ಪೆಯೇ ಇಲ್ಲದ ಕಣ್ಣು ಒಣಗಿಹೋಗುತ್ತದೆ. ಅದಕ್ಕೆ ಕೆಳರೆಪ್ಪೆಯ ಅಂಚನ್ನು ಸೇತುವೆಯ ಹಾಗೆ ಹಾಗೇ ಬಿಟ್ಟು, ಅದರಡಿಯಿಂದ ಚರ್ಮವನ್ನೂ ಪೊರೆಯನ್ನೂ ಮೇಲಕ್ಕೆಳೆದು ಹುಬ್ಬಿನ ಕೆಳಗೆ ಹೊಲಿದರು. ಏಳು ವಾರ ಕಣ್ಣು ಹೊಲಿದೇ ಇರಬೇಕು. ಆಮೇಲೆ ನಡುವೆ ಕತ್ತರಿಸಿ ತೆರೆದರೆ ಹೊಸ ರೆಪ್ಪೆ. ಕೂದಲಿರುವುದಿಲ್ಲ, ಸರಿಯಾಗಿ ಮಿಟುಕುವುದಿಲ್ಲ, ಆದರೆ ಕಣ್ಣು ಉಳಿಯುತ್ತದೆ. ಒಂದೇ ಷರತ್ತು: ಗುಡ್ಡೆಗೆ ತಾಗುವ ಆ ಹಸಿ ಪೊರೆಯ ನಾಲ್ಕಾರು ಕಡೆಯಿಂದ ತೆಗೆದ ಚೂರುಗಳಲ್ಲಿ ಕಾಯಿಲೆ ಇರಬಾರದು. ಇದ್ದರೆ ಗುಡ್ಡೆಯ ಸಮೇತ ತೆಗೆಯಬೇಕಾಗುತ್ತದೆ.

ವಾರ್ಡಿನಲ್ಲಿ ಕೆಲಸಕ್ಕಿದ್ದ ವಯಸ್ಸಾದ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳಿಗೆ ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ, ಅನ್ನುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಕೇಳದೇ ಬಂದು, ಪಟ್ಟಿಗೆ ಒಂದು ಎಳೆಯೂ ತಾಗದಂತೆ ನನ್ನ ತಲೆ ಬಾಚಿ, ಎರಡು ಜಡೆ ಹಾಕಿದಳು.

“ಶಾಳೆಗೆ ಹೊಂಟಾಕಿ ಹಂಗ ಕಾಣ್ತಿ ಈಗ,” ಅಂದಳು.

ಆ ಎರಡು ಜಡೆಯ ಮೇಲೆ ಕೈಯಿಟ್ಟುಕೊಂಡು ಒಂದು ಇಡೀ ಮಧ್ಯಾಹ್ನ ಮಲಗಿದ್ದೆ. ಅತ್ತರೆ ಹೊಲಿಗೆಗೆ ಒಳ್ಳೆಯದಲ್ಲ ಎಂದಿದ್ದರು. ಅಳದೇ ಇರಲು ಅದೊಂದು ಆಸರೆಯಾಯಿತು.

ಆಪರೇಷನ್ ನಡೆಯುವಾಗಲೇ ನೋಡಿದ ಪರೀಕ್ಷೆಯಲ್ಲಿ ಕೊಯ್ದ ಅಂಚು ಸ್ವಚ್ಛವಿತ್ತು. ಹತ್ತು ದಿನಗಳ ಮೇಲೆ ಬಂದ ಪೂರ್ತಿ ವರದಿ ಬೇರೆ ಹೇಳಿತು. ಪೊರೆಯ ಚೂರುಗಳಲ್ಲಿ ಹೆಚ್ಚಿನವುಗಳಲ್ಲಿ ಕಾಯಿಲೆಯಿತ್ತು. ಗೋಡೆಗೆ ತೇವ ಏರಿದ ಹಾಗೆ ಅದು ಕಣ್ಣಿಗೆ ಕಾಣದೆ ಹಬ್ಬಿತ್ತು. ಹನಿ ಔಷಧದಿಂದ ಆಗುವುದಿಲ್ಲವೇ ಎಂದು ಆನಂದ ಕೇಳಿದರು. ಇಷ್ಟು ಹಬ್ಬಿದ ಮೇಲೆ ಅದನ್ನು ನಂಬಿ ಕೂರಲಾರೆ ಎಂದರು ಡಾಕ್ಟರಬಾಯಿ. ಆಮೇಲೆ, ಕೆಟ್ಟ ಮನಸ್ಸಿನಿಂದಲ್ಲ, ತಮಗೆ ತಾವೇ ಹೇಳಿಕೊಳ್ಳುವವರಂತೆ, “ಆರ ತಿಂಗಳ ಮೊದಲ ಬಂದಿದ್ರ...” ಅಂದರು.

ಮನೆಗೆ ಬಂದು ನಾನು ದಿನಚರಿ ತೆರೆದದ್ದು ಆ ಮಾತಿಗಾಗಿ. ಆ ಆರು ತಿಂಗಳು ಎಲ್ಲಿ ಹೋದವು ಎಂದು ಹುಡುಕಲು. ಒಂದೇ ಕಣ್ಣಿನಿಂದ, ಹಾಳೆಯನ್ನು ಹತ್ತಿರ ಹಿಡಿದು ಓದಿದೆ.

ಗಣಪತಿ ಹಬ್ಬದ ರಜೆಯ ಒಂದು ಪುಟ: “ಎಡರೆಪ್ಪೆಯಲ್ಲಿ ಏನೋ ಗಟ್ಟಿ. ಒತ್ತಿದರೆ ನೋವಿಲ್ಲ.” ಅಂದರೆ ಔಷಧ ಸಿಡಿದೆ ಎಂದು ನಾನು ಹೇಳುವ ದಿನಕ್ಕಿಂತ ಎಷ್ಟೋ ವಾರ ಮೊದಲು. ದೀಪಾವಳಿಯ ಮರುವಾರದ ಬುಧವಾರ: “ಕಾಲೇಜಿನಲ್ಲಿ ಇಡೀ ದಿನ ಪರೀಕ್ಷೆಯ ಮೇಲ್ವಿಚಾರಣೆ. ಸಂಜೆ ಬಸ್ ತಪ್ಪಿತು.” ಬಾಗು ಇಲ್ಲ, ಕಿಟ್ಲಿಯಿಲ್ಲ, ನೀಲಿ ಚುಕ್ಕೆಯಿಲ್ಲ. ಹಿಂದೆ ಮುಂದೆ ತಿರುವಿದೆ. ಔಷಧ ಸಿಡಿದದ್ದು ಎಲ್ಲೂ ಇಲ್ಲ. ರಸ್ತೆಯಲ್ಲಿ ಚಪ್ಪಲಿ ಹರಿದದ್ದನ್ನೂ ಬರೆಯುವವಳು ನಾನು.

ಮಿಲಿಂದ ಅಂಗಳದಲ್ಲಿ ಡ್ರಿಪ್ ಪೈಪು ಊದಿ ಸ್ವಚ್ಛ ಮಾಡುತ್ತಿದ್ದ. ಹೋಗಿ ಅವನೆದುರು ಕಟ್ಟೆಯ ಮೇಲೆ ಕೂತೆ. ಎಂಟು ತಿಂಗಳು ಅವನ ತಲೆಯ ಮೇಲೆ ಹೊರಿಸಿದ್ದನ್ನು ಇಳಿಸಬೇಕಿತ್ತು.

“ಮಿಲಿಂದ, ಅವತ್ತ ನನಗ ಔಷಧ ಸಿಡದಿಲ್ಲ. ನಾ ಬಾಗಿಗೇ ಬಂದಿಲ್ಲ. ಬರದಿಟ್ಟೀನಿ, ಈಗ ನೋಡಿದೆ. ನಿಂದೇನೂ ತಪ್ಪಿಲ್ಲಪಾ.”

ಅವನು ಪೈಪು ಕೆಳಗಿಟ್ಟ. ತಲೆ ಎತ್ತಲಿಲ್ಲ.

“ನನಗ ಗೊತ್ತಿತ್ರಿ ವೈನಿ.”

“ಏನ ಗೊತ್ತಿತ್ತು?”

“ಆ ವಾರ ಪಂಪ ಕೆಟ್ಟಿತ್ರಿ. ನಾ ಹೊಡದ ಇಲ್ಲ. ನೀವು ಕಮಲಕ್ಕಗ ಹೇಳುವಾಗ, ಏನೋ ಮರತಾರ ಅನಕೊಂಡ್ಯಾ. ಆಮ್ಯಾಲ ಚಿಕ್ಕೋಡಿ ಡಾಕ್ಟರ್ ಮುಂದ ವಾರದ ಸಮೇತ ಹೇಳಿದ್ರಿ. ನೀವು ಹಿಸ್ಟರಿ ಹೇಳಾವ್ರು, ನಾ ಹತ್ತನೇತ್ತೆ ನಪಾಸ. ನನ್ನ ನೆನಪ ತಪ್ಪಿರಬೇಕು ಅಂತ ತಿಳಕೊಂಡ್ಯಾ.”

“ಒಂದ ಮಾತ ಅನಬೇಕಿಲ್ಲಾ?”

“ಡಾಕ್ಟರ್ ಮುಂದ ನಿಮ್ಮನ್ನ ಸುಳ್ಳಿ ಮಾಡ್ಲೇನ್ರಿ? ಮತ್ತ ಏನೋ ಒಂದ ಕಾರಣ ಸಿಕ್ಕಿತಲ್ಲ, ನಿಮಗ ಸಮಾಧಾನ ಇತ್ತು. ನಂದ ತಪ್ಪಂದ್ರ ಇರವಲ್ದ್ಯಾಕ ಅಂತ...”

ಅವನು ಮತ್ತೆ ಪೈಪು ಎತ್ತಿಕೊಂಡ. ಅವನ ಮರ್ಯಾದೆಗೆ ನಾನು ಏನೆನ್ನಬೇಕು? ಮಾಡದ ತಪ್ಪನ್ನು ನನ್ನ ಸಲುವಾಗಿ ಹೊತ್ತವನನ್ನು ಬೈಯಲೇ? ಅವನು ಬಾಯಿ ಬಿಟ್ಟಿದ್ದರೆ ಡಾಕ್ಟರರು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರೇ? ನಾನು ಸತ್ಯ ಹೇಳಿದ್ದರೆ? ಆಮೇಲೊಮ್ಮೆ ಮಿರಜದ ಡಾಕ್ಟರಬಾಯಿಯನ್ನು ಕೇಳಿದೆ. ಇರಬಹುದು, ಇರಲಿಕ್ಕಿಲ್ಲ, ಇದು ಎಲ್ಲರನ್ನೂ ಮೋಸ ಮಾಡುವ ಕಾಯಿಲೆ ಎಂದರು. ಕರುಣೆಯಿಂದ ಹೇಳಿದ ಮಾತದು. ನನಗೆ ಅದರಿಂದ ಉಪಯೋಗವಾಗಲಿಲ್ಲ. ದೃಷ್ಟಿ ತಾಗಿದೆ ಎಂದ ಕಮಲಕ್ಕನ ಎದುರು ಸೋಲಬಾರದೆಂದು ನಾನೊಂದು ಕಾರಣ ಕಟ್ಟಿದೆ. ಕಟ್ಟಿದ್ದನ್ನು ನಂಬಿದೆ. ಇಷ್ಟು ಮಾತ್ರ ನನಗೆ ಗೊತ್ತು.

ಹೊಲಿದ ರೆಪ್ಪೆಯನ್ನು ಬಿಚ್ಚಿ ಕಣ್ಣು ತೆರೆಯಬೇಕಾಗಿದ್ದ ವಾರದಲ್ಲೇ ಕಣ್ಣನ್ನು ತೆಗೆಯುವುದೆಂದಾಯಿತು. ಒಪ್ಪಿಗೆಯ ಫಾರಂ ಮರಾಠಿಯಲ್ಲಿತ್ತು. ಆನಂದ ಓದಿ ಹೇಳತೊಡಗಿ ಎರಡನೆಯ ಸಾಲಿಗೆ ನಿಲ್ಲಿಸಿದರು. ನಾನೇ ಓದಿಕೊಂಡು ಸಹಿ ಮಾಡಿದೆ.

ಈಗ ಎಡಗಣ್ಣಿನ ಜಾಗದಲ್ಲಿ, ತೊಡೆಯ ಚರ್ಮ ಕಸಿ ಮಾಡಿದ ಒಂದು ತಗ್ಗು ಇದೆ. ಕನ್ನಡಕದ ಎಡಗಾಜಿಗೆ ಕಪ್ಪು ಬಣ್ಣ. ಚಹಾ ಸುರುವಿದರೆ ಬಸಿಯ ಹೊರಗೆ ಬೀಳುತ್ತದೆ, ಬಸ್ಸಿನ ಮೆಟ್ಟಿಲಿಗೆ ಕಾಲು ಎರಡು ಸಲ ಹುಡುಕಬೇಕು. ಮೂರು ತಿಂಗಳಿಗೊಮ್ಮೆ ಕಿವಿಯ ಮುಂದೆ, ದವಡೆಯ ಕೆಳಗೆ ಬೆರಳಿಟ್ಟು ಗಂಟುಗಳಿವೆಯೇ ಎಂದು ನೋಡುತ್ತಾರೆ. ಇದುವರೆಗೆ ಇಲ್ಲ. ಮಿಲಿಂದ ಪ್ರತಿ ಸಲವೂ ಜೊತೆಗೆ ಬರುತ್ತಾನೆ. ದಾರಿಯಲ್ಲಿ ಬೆಳೆಯ ಮಾತು, ಮಳೆಯ ಮಾತು. ಆ ಬುಧವಾರದ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಒಂದು ವಿಷಯ ಮಾತ್ರ ಬಿಡದೆ ಕಾಡುತ್ತದೆ. ಕಣ್ಣು ಹೊಲಿಸಿಕೊಳ್ಳುವಾಗ, ಏಳು ವಾರಕ್ಕೆ ಮತ್ತೆ ತೆರೆಯುತ್ತದೆ ಎಂದುಕೊಂಡು ಮಲಗಿದವಳು ನಾನು. ಅದೇ ಕೊನೆಯ ಸಲವೆಂದು ಗೊತ್ತಿರಲಿಲ್ಲ. ಹಾಗಾಗಿ ಏನನ್ನೂ ಗಮನವಿಟ್ಟು ನೋಡಿಕೊಳ್ಳಲಿಲ್ಲ. ಎಡಗಣ್ಣು ಕೊನೆಗೆ ಕಂಡದ್ದು ಏನು?

ಮೊನ್ನೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ಮತ್ತೇನು, ನನ್ನ ಮಾರಿ,” ಎಂದರು ಅತ್ತೆ. “ಒಳಗ ಒಯ್ಯುವಾಗ ಬಾಗಲ ತನಕ ನಿನ್ನ ಕೈ ಹಿಡದ ಬಂದಿದ್ನಲ್ಲಾ?” ಅವರು ಅಂದು ಉಗಾರದಲ್ಲೇ ಇದ್ದರೆಂದು ಆನಂದ ನೆನಪಿಸಿದರು. ಅತ್ತೆ ಒಪ್ಪಲಿಲ್ಲ. ಕೈ ಹಿಡಿದದ್ದು ತಾವು ಎಂದು ಆನಂದ ಹೇಳಿದರು. ಮಿಲಿಂದ ರೊಟ್ಟಿ ಮುರಿಯುತ್ತಿದ್ದ.

ನನಗೆ ಆಪರೇಷನ್ ಕೋಣೆಯ ದೊಡ್ಡ ದೀಪ ಕಂಡ ಹಾಗಿದೆ. ಹಸಿರು ಬಟ್ಟೆ, ಯಾರದೋ ಬಳೆಯಿಲ್ಲದ ಕೈ. ಇನ್ನೊಂದು ಸಲ ಹೇಳಿದರೆ ಅವೆಲ್ಲ ಸರಿಯಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಮೂರನೆಯ ಸಲಕ್ಕೆ ನಾನು ಅಳುತ್ತೇನೆ. ಆ ದಿನದ ಪುಟ ತೆಗೆದು ನೋಡಿದೆ. ತಾರೀಖು ಮಾತ್ರ ಇದೆ, ಕೆಳಗೆ ಖಾಲಿ. ಅತ್ತೆಯ ಮುಖವನ್ನು ಅಲ್ಲಿ ಬರೆದುಬಿಡಲೇ ಎಂದು ಪೆನ್ನು ಎತ್ತಿಕೊಂಡೆ. ಅವರಿಗೂ ಸಮಾಧಾನ, ನನಗೂ ಸಮಾಧಾನ.

ಪೆನ್ನಿನ ಟೋಪಿ ಹಾಕಿದೆ. ಆ ಕಣ್ಣು ಕೊನೆಗೆ ಏನನ್ನು ಕಂಡಿತೋ ನನಗೆ ಗೊತ್ತಿಲ್ಲ.